ಹಗುರ ಯಂತ್ರ, ದೂರದ ಉಗ್ರಾಣ

ರೇಡಿಯೋ ಪೆಟ್ಟಿಗೆಯನ್ನು ಶಾಲೆಗೆ ಹೋಗುವ ಹುಡುಗನೂ ಎತ್ತಿ ಕೋಣೆಯಿಂದ ಕೋಣೆಗೆ ಒಯ್ಯಬಲ್ಲ. ಅದು ಅಷ್ಟು ಹಗುರಾಗಿರುವುದಕ್ಕೆ ಕಾರಣ, ಗಾಯಕರು, ವಾದ್ಯಗಳು, ಪ್ರಸಾರಯಂತ್ರ, ಎತ್ತರದ ಸ್ತಂಭ ಇವೆಲ್ಲವೂ ನಿಲಯದ ಕಡೆಯಲ್ಲೇ ಉಳಿದು, ನಮ್ಮ ಮನೆಗೆ ಧ್ವನಿ ಮಾತ್ರ ಬರುವುದು. ಗಣಕಯಂತ್ರವನ್ನೂ ಹೀಗೆಯೇ ಹಗುರ ಮಾಡಬಹುದಲ್ಲ ಎಂಬ ಆಲೋಚನೆಯಿಂದ ಹುಟ್ಟಿದ್ದು, 2011ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಕ್ರೋಮ್‌ಬುಕ್ ಎಂಬ ಲ್ಯಾಪ್‌ಟಾಪ್. ಯಂತ್ರ ಹೊಸದಾದರೂ ಆಲೋಚನೆ ಹಳೆಯದು. ಅದು ಎರಡು ಬಾರಿ ಬಂದು ಹೋಗಿ, ಮೂರನೆಯ ಬಾರಿಗೆ ನೆಲೆಯೂರಿತು.

ಗಣಕದ ಒಳಗೆ ಕಾರ್ಯಾಚರಣ ವ್ಯವಸ್ಥೆ ಎಂಬುದೊಂದಿದೆ. ಅಂಗಡಿಯವರು ಆಪರೇಟಿಂಗ್ ಸಿಸ್ಟಮ್ ಎನ್ನುವುದು ಇದನ್ನೇ. ದೊಡ್ಡ ಮನೆಯ ಪಾರುಪತ್ಯಗಾರನ ಕೆಲಸ ಇದರದು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಯ ಮೇಲೆ ತರುವುದು, ಬರೆದುದನ್ನು ಜೋಪಾನವಾಗಿ ಇಡುವುದು, ಬೇಕೆಂದಾಗ ತೆಗೆದುಕೊಡುವುದು ಎಲ್ಲವೂ ಅದರ ಹೊಣೆ. ಪಾರುಪತ್ಯಗಾರನು ನಮ್ಮ ಮನೆಯಲ್ಲಿರಬೇಕೋ, ಊರಾಚೆಯ ಉಗ್ರಾಣದಲ್ಲಿರಬೇಕೋ ಎಂಬುದೇ ಈ ಇತಿಹಾಸದ ತಿರುಳು.

1961ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೋ ಕಾರ್ಬಾಟೋ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಒಂದು ಪ್ರಯೋಗವನ್ನು ಮಾಡಿ ತೋರಿಸಿದರು. ಕೋಣೆ ತುಂಬುವಷ್ಟು ದೊಡ್ಡದಾದ ಒಂದೇ ಗಣಕಕ್ಕೆ ಹಲವು ಬೆರಳಚ್ಚು ಯಂತ್ರಗಳನ್ನು ಜೋಡಿಸಿ, ಹಲವರು ಏಕಕಾಲಕ್ಕೆ ಕೆಲಸ ಮಾಡುವಂತೆ ಏರ್ಪಡಿಸಿದರು. ಗಣಕವು ಕ್ಷಣಕ್ಷಣಕ್ಕೂ ಒಬ್ಬರಿಂದ ಇನ್ನೊಬ್ಬರ ಕಡೆಗೆ ತಿರುಗುತ್ತಿದ್ದರೂ, ಪ್ರತಿಯೊಬ್ಬರಿಗೂ ಅದು ತನ್ನೊಬ್ಬನದೇ ಎನಿಸುತ್ತಿತ್ತು. ಎಲ್ಲರ ಬರಹಗಳೂ ಒಂದೇ ಉಗ್ರಾಣದಲ್ಲಿ ಇದ್ದುದರಿಂದ ಒಬ್ಬೊಬ್ಬರಿಗೆ ಒಂದೊಂದು ಗುಪ್ತಪದವನ್ನು ಕೊಟ್ಟರು. ನಾವು ಇಂದು ಪಾಸ್‌ವರ್ಡ್ ಎನ್ನುವುದು ಗಣಕಲೋಕಕ್ಕೆ ಕಾಲಿಟ್ಟುದು ಇಂಥ ಅಗತ್ಯದಿಂದ. ಒಂದು ದಿನ ಅಲ್ಲೊಂದು ತಮಾಷೆ ನಡೆಯಿತು. ಆ ದಿನದ ಪ್ರಕಟಣೆಯ ಕಡತವೂ ಗುಪ್ತಪದಗಳ ಕಡತವೂ ಅದಲುಬದಲಾಗಿ, ಒಳಬಂದವರಿಗೆಲ್ಲ ಊರಿನವರ ಗುಪ್ತಪದಗಳೇ ಮುದ್ರಣವಾಗಿ ಬಂದವು. ತಮಾಷೆ ಎಂದೆನಾದರೂ, ಎಲ್ಲರ ಕೀಲಿಕೈಗಳನ್ನೂ ಒಂದೇ ಗೂಟಕ್ಕೆ ತೂಗುಹಾಕಿದರೆ ಏನಾಗುವುದೆಂಬುದು ಅಂದೇ ತಿಳಿದುಹೋಗಿತ್ತು.

1977ರಿಂದ ಮುಂದೆ ಗಾಳಿ ಬೇರೆ ಕಡೆಗೆ ಬೀಸಿತು. ಆ ವರ್ಷ ಆಪಲ್ 2, 1981ರಲ್ಲಿ ಐಬಿಎಂ ಸಂಸ್ಥೆಯ ಸ್ವಂತ ಗಣಕ ಹೊರಬಂದವು. ಜನ ಉಗ್ರಾಣದಿಂದ ಬೇರೆಯಾಗಿ ತಮ್ಮ ತಮ್ಮ ಮನೆಗಳಲ್ಲಿ ಕಣಜ ಕಟ್ಟಿಕೊಂಡರು. ಬರೆದುದು ನನ್ನ ಮೇಜಿನ ಮೇಲೆಯೇ ಇದೆ ಎಂಬ ನೆಮ್ಮದಿ ಅದರಲ್ಲಿತ್ತು. ಆದರೆ ಪಾರುಪತ್ಯಗಾರನ ಪರಿವಾರ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಗುಂಡಿ ಒತ್ತಿ, ಒಳಗೆ ಹೋಗಿ ಕಾಫಿ ಕುಡಿದು ಬಂದರೂ ಯಂತ್ರ ಇನ್ನೂ ಕಣ್ಣುಜ್ಜುತ್ತಿರುವ ಸ್ಥಿತಿ ಬಂತು. ಮೇಲಾಗಿ ವೈರಸ್ಸುಗಳ ಕಾಟ.

1995ರಲ್ಲಿ ಆರಕಲ್ ಸಂಸ್ಥೆಯ ಲ್ಯಾರಿ ಎಲಿಸನ್ ಹಳೆಯ ಆಲೋಚನೆಗೆ ಮರುಜೀವ ಕೊಡಲು ಹೊರಟರು. ಸುಮಾರು 500 ಡಾಲರಿನ, ಒಳಗೆ ಹೆಚ್ಚೇನೂ ಇಲ್ಲದ, ಜಾಲವನ್ನೇ ನಂಬಿದ ಯಂತ್ರ ಅವರ ಕನಸು. 2000ದಲ್ಲಿ ಅವರ ಬೆಂಬಲದಿಂದ ಬಂದ ಒಂದು ಗಣಕದ ಬೆಲೆ, ತೆರೆಯನ್ನು ಬಿಟ್ಟು, 199 ಡಾಲರು. ಅದಕ್ಕೆ ಹಾರ್ಡ್ ಡಿಸ್ಕೇ ಇರಲಿಲ್ಲ, ಒಂದು ಸಿಡಿಯಿಂದ ಎಚ್ಚರಗೊಳ್ಳುತ್ತಿತ್ತು. 2003ರಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು. ಮನೆಮನೆಯ ದೂರವಾಣಿ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 56 ಕಿಲೋಬಿಟ್ ಹರಿಯುತ್ತಿದ್ದ ಕಾಲವದು. ಉಗ್ರಾಣಕ್ಕೆ ಹೋಗುವ ದಾರಿ ಕಾಲುದಾರಿಯಾಗಿರುವಾಗ ಅಡುಗೆಮನೆಯನ್ನು ಖಾಲಿಮಾಡಿಕೊಳ್ಳುವವರು ಯಾರು? ಇತ್ತ ಸಾಮಾನ್ಯ ಗಣಕಗಳ ಬೆಲೆಯೂ ಇಳಿಯುತ್ತ ಬಂತು.

ದಾರಿ ಹೆದ್ದಾರಿಯಾದದ್ದು ಮುಂದಿನ ಕೆಲವೇ ವರ್ಷಗಳಲ್ಲಿ. 2004ರ ಏಪ್ರಿಲ್ 1ರಂದು ಗೂಗಲ್ ಸಂಸ್ಥೆಯ ಜಿಮೇಲ್ ಬಂದು, ಪತ್ರಗಳನ್ನಿಡಲು ಒಬ್ಬೊಬ್ಬರಿಗೂ 1 ಗಿಗಾಬೈಟ್ ಜಾಗ ಕೊಟ್ಟಿತು. ತರುವಾಯ ಭೂಪಟ, ಬರಹದ ಹಾಳೆ, ಲೆಕ್ಕದ ಹಾಳೆಗಳೂ ಬ್ರೌಸರ್ ಎಂಬ ಕಿಟಕಿಯೊಳಗೇ ಬಂದು ಕೂತವು. 2007ರಲ್ಲಿ ತೈವಾನಿನ ಏಸಸ್ ಸಂಸ್ಥೆ 7 ಅಂಗುಲದ ತೆರೆಯ ಪುಟ್ಟ ಈಪಿಸಿಯನ್ನು ಮಾರಿ, ಜನ ಸಣ್ಣ ಯಂತ್ರವನ್ನೂ ಕೊಳ್ಳುತ್ತಾರೆಂದು ತೋರಿಸಿತು. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ತನ್ನದೇ ಬ್ರೌಸರ್ ಆದ ಕ್ರೋಮನ್ನು ಹೊರತಂದಿತು. ದಿನದ ಕೆಲಸವೆಲ್ಲ ಕಿಟಕಿಯಲ್ಲೇ ನಡೆಯುವುದಾದರೆ ಹಿಂದಿನ ಮನೆ ಏಕೆ ಎಂದು ಕೇಳುವುದಷ್ಟೇ ಉಳಿದಿತ್ತು.

2009ರ ಜುಲೈ 7ರಂದು ಕ್ರೋಮ್ ಓಎಸ್ ಎಂಬ ಹೊಸ ವ್ಯವಸ್ಥೆಯ ಘೋಷಣೆಯಾಯಿತು. ಮದುರೆಯಲ್ಲಿ ಹುಟ್ಟಿ ಮದರಾಸಿನಲ್ಲಿ ಬೆಳೆದ ಸುಂದರ್ ಪಿಚೈ ಅದರ ಮುಂದಾಳುಗಳಲ್ಲಿ ಒಬ್ಬರು. ಅದೇ ನವೆಂಬರಿನಲ್ಲಿ ಅವರು ಅದನ್ನು ಪತ್ರಕರ್ತರ ಮುಂದೆ ತೋರಿಸಿದಾಗ ಯಂತ್ರವು 7 ಸೆಕೆಂಡುಗಳಲ್ಲಿ ಎಚ್ಚರಗೊಳ್ಳುತ್ತದೆಂಬುದೇ ದೊಡ್ಡ ಸುದ್ದಿ. ಇದರ ತಳಪಾಯ ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿ ಲೋಕಕ್ಕೆ ತೆರೆದಿಟ್ಟದ್ದು. 2010ರ ಡಿಸೆಂಬರಿನಲ್ಲಿ ಪರೀಕ್ಷೆಗೆಂದು ಹಂಚಿದ ಕಪ್ಪು ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಬಿಗಿದಿಡುವ ಕೀಲಿಯನ್ನೇ ತೆಗೆದು, ಹುಡುಕುವ ಕೀಲಿಯನ್ನು ಇಟ್ಟಿದ್ದರು. ಕೆಲವರು ಗೊಣಗಿದರಂತೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ಕನ್ನಡಿಗರಾದ ನಮಗೆ ಅದರಿಂದ ನಷ್ಟವೇನಿಲ್ಲ.

ಒಳಗಿನ ಒಂದು ಏರ್ಪಾಟು ಬಹು ಸೊಗಸಾದುದು. ವ್ಯವಸ್ಥೆಯ ಎರಡು ಪ್ರತಿಗಳು ಯಂತ್ರದಲ್ಲಿರುತ್ತವೆ. ಒಂದು ಕೋಣೆಯಲ್ಲಿ ಸಂಸಾರ ನಡೆಯುತ್ತಿರುವಾಗಲೇ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿ, ಬೆಳಗಾಗುತ್ತಲೇ ಅಲ್ಲಿಗೆ ಹೋಗುವಂತೆ, ಒಂದು ಪ್ರತಿ ಕೆಲಸ ಮಾಡುತ್ತಿರುವಾಗ ಇನ್ನೊಂದು ತಾನಾಗಿ ಪರಿಷ್ಕಾರಗೊಳ್ಳುತ್ತದೆ. ಮುಂದಿನ ಸಲ ಗುಂಡಿ ಒತ್ತಿದಾಗ ಅದು ಅಧಿಕಾರ ವಹಿಸಿಕೊಳ್ಳುತ್ತದೆ. ಏಳುವಾಗಲೆಲ್ಲ ಯಂತ್ರವು ತನ್ನನ್ನು ಯಾರಾದರೂ ತಿದ್ದಿದ್ದಾರೆಯೇ ಎಂದು ನೋಡಿಕೊಳ್ಳುತ್ತದೆ.

2011ರ ಜೂನ್ 15ರಿಂದ ಸ್ಯಾಮ್ಸಂಗ್ ಸಂಸ್ಥೆಯ ಕ್ರೋಮ್‌ಬುಕ್ 429 ಡಾಲರಿಗೆ ದೊರೆಯಿತು. ಸ್ವಾಗತ ತಣ್ಣಗಿತ್ತು, ಜಾಲವಿಲ್ಲದಿದ್ದರೆ ಇದು ಏತಕ್ಕೆ ಬಂತು ಎಂದವರೇ ಬಹಳ. ಅದಕ್ಕೂ ಮುಂಚೆ, 2010ರ ಡಿಸೆಂಬರಿನಲ್ಲಿ, ಇಬ್ಬರು ಬಲ್ಲವರು ಆಡಿದ ಮಾತುಗಳು ಗಮನಾರ್ಹವಾಗಿವೆ. ಜಿಮೇಲನ್ನು ನಿರ್ಮಿಸಿದ ಪಾಲ್ ಬುಕೈಟ್, ಇದು ಬೇಗ ನಿಂತುಹೋಗುತ್ತದೆ ಅಥವಾ ಫೋನುಗಳ ಆಂಡ್ರಾಯ್ಡಿನೊಡನೆ ಸೇರಿಹೋಗುತ್ತದೆ ಎಂದರು. ಸ್ವತಂತ್ರ ತಂತ್ರಾಂಶದ ಪ್ರವರ್ತಕ ರಿಚರ್ಡ್ ಸ್ಟಾಲ್‌ಮನ್, ತಮ್ಮ ಬರಹವನ್ನು ಪರರ ಕೈಗೆ ಒಪ್ಪಿಸುವುದು ಅಜಾಗರೂಕತೆ ಎಂದು ಖಂಡಿಸಿದರು.

ಈ ದೂರದ ಉಗ್ರಾಣಕ್ಕೆ ಈಗ ಮೇಘವೆಂದು ಹೆಸರು. ಕಾಳಿದಾಸನ ಯಕ್ಷನೂ ಮೇಘವನ್ನು ನಂಬಿದನು, ನಿಜ. ಆದರೆ ಅವನು ಕೊಟ್ಟದ್ದು ಒಯ್ಯಲು ಒಂದು ಸಂದೇಶ. ಮನೆಯ ಕಡತಗಳನ್ನೆಲ್ಲ ಅದರ ವಶಕ್ಕೆ ಕೊಟ್ಟಿರಲಿಲ್ಲ. ರೇಡಿಯೋವಿಗೂ ಇದಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೇ. ನಿಲಯದವರು ನಮಗೆ ಹಾಡು ಕಳುಹಿಸುತ್ತಾರೆ, ನಮ್ಮ ಕಾಗದಪತ್ರಗಳನ್ನು ತಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ.

ಯಾರೂ ಎಣಿಸದಿದ್ದ ಒಂದು ಕಡೆ ಈ ಯಂತ್ರ ಬೇರುಬಿಟ್ಟಿತು, ಶಾಲೆಯಲ್ಲಿ. 2012ರಲ್ಲಿ 249 ಡಾಲರಿನ ಯಂತ್ರ ಬಂದಮೇಲೆ ಅಮೆರಿಕದ ಶಾಲೆಗಳು ರಾಶಿರಾಶಿಯಾಗಿ ಕೊಂಡವು. 2016ರ ವೇಳೆಗೆ ಅಲ್ಲಿಯ ಶಾಲೆಗಳು ಕೊಳ್ಳುತ್ತಿದ್ದ ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಅಧ್ಯಾಪಕನಾದ ನನಗೆ ಇದರ ಆಕರ್ಷಣೆ ಸುಲಭವಾಗಿ ಅರ್ಥವಾಗುತ್ತದೆ. ಹುಡುಗನ ಕೈಯಲ್ಲಿ ಯಂತ್ರ ಬಿದ್ದು ಒಡೆದರೂ ಅವನ ಪ್ರಬಂಧ ಒಡೆಯುವುದಿಲ್ಲ. ಇನ್ನೊಂದರಲ್ಲಿ ಹೆಸರು ಕೊಟ್ಟರೆ ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸಬಹುದು. ಆದರೆ ಆ ಪ್ರಬಂಧ ಯಾರ ಸುಪರ್ದಿನಲ್ಲಿದೆ ಎಂದು ತಂದೆತಾಯಿಗಳು ಕೇಳಿದರೆ ಅದನ್ನು ತಪ್ಪೆನ್ನಲಾರೆ. ಡೆನ್ಮಾರ್ಕಿನ ಹೆಲ್ಸಿಂಗೋರ್ ಪಟ್ಟಣದಲ್ಲಿ ಒಬ್ಬ ತಂದೆ ಹಾಗೆಯೇ ಕೇಳಿದನು. ಪರಿಣಾಮವಾಗಿ 2022ರ ಜುಲೈಯಲ್ಲಿ ಆ ದೇಶದ ಮಾಹಿತಿ ರಕ್ಷಣಾ ಪ್ರಾಧಿಕಾರವು ಪಟ್ಟಣದ ಶಾಲೆಗಳಲ್ಲಿ ಇವುಗಳ ಬಳಕೆಗೆ ತಡೆ ಹಾಕಿತು. ಕೆಲವು ವಾರಗಳ ಮೇಲೆ ಅದನ್ನು ಸಡಿಲಿಸಿ, ಕರಾರುಗಳನ್ನು ಸರಿಪಡಿಸಿಕೊಳ್ಳಲು ಕಾಲಾವಕಾಶ ಕೊಟ್ಟಿತು.

ಇನ್ನೊಂದು ತೊಡಕು ಆಯುಸ್ಸಿನದು. ಪರಿಷ್ಕಾರಗಳು ಉಗ್ರಾಣದಿಂದ ಬರಬೇಕಾದುದರಿಂದ, ಅವು ನಿಲ್ಲುವ ತಾರೀಖನ್ನು ಸಂಸ್ಥೆಯೇ ಗೊತ್ತುಮಾಡುತ್ತದೆ. ಕೀಲಿ, ತೆರೆ ಎಲ್ಲ ಗಟ್ಟಿಯಾಗಿದ್ದರೂ ಯಂತ್ರ ಮುದಿಯೆನಿಸುತ್ತಿತ್ತು. ಶಾಲೆಗಳ ಕಡೆಯಿಂದ ಬಂದ ಆಕ್ಷೇಪಗಳ ಮೇಲೆ 2023ರ ಸೆಪ್ಟೆಂಬರಿನಲ್ಲಿ ಈ ಅವಧಿಯನ್ನು 10 ವರ್ಷಗಳಿಗೆ ಏರಿಸಲಾಯಿತು.

ಭಾರತಕ್ಕೆ ಕ್ರೋಮ್‌ಬುಕ್ ಬಂದದ್ದು 2013ರಲ್ಲಿ. 2023ರ ಅಕ್ಟೋಬರಿನಿಂದ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದೆ. ಅಷ್ಟರಲ್ಲಿ ಅದರ ಒಡಲೂ ತುಂಬಿಕೊಂಡಿತ್ತು. 2016ರಲ್ಲಿ ಫೋನಿನ ಆಂಡ್ರಾಯ್ಡ್ ತಂತ್ರಾಂಶಗಳು, 2018ರಲ್ಲಿ ಲಿನಕ್ಸ್ ತಂತ್ರಾಂಶಗಳು ಒಳಹೊಕ್ಕವು; ಕಿಟಕಿಯ ಹಿಂದೆ ಮತ್ತೆ ಮನೆ ಎದ್ದಿತು. 2025ರಲ್ಲಿ ಗೂಗಲ್ ಸಂಸ್ಥೆಯವರೇ ಕ್ರೋಮ್ ಓಎಸ್ ಮತ್ತು ಆಂಡ್ರಾಯ್ಡುಗಳನ್ನು ಒಂದುಗೂಡಿಸುವುದಾಗಿ ತಿಳಿಸಿದರು. ಬುಕೈಟರ ಭವಿಷ್ಯವಾಣಿಯ ಎರಡನೆಯ ಅರ್ಧ ನಿಜವಾಗುವ ಹಾದಿ ಹಿಡಿಯಲು 15 ವರ್ಷ ಬೇಕಾಯಿತು.