ಘಾಟಿನ ಹಿಂದಿನ ಕಥೆ

ನಲ್ಲಿಯಲ್ಲಿ ನೀರು ಬಂದ ಕೂಡಲೇ ಒಮ್ಮೊಮ್ಮೆ ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ಬಡಿಯುತ್ತದೆ. "ಈ ನೀರಿನಲ್ಲಿ ಕಾಫಿ ಮಾಡಿದರೆ ಕುಡಿಯುವವರು ಯಾರು?" ಎಂದು ಗೊಣಗದ ಗೃಹಿಣಿಯಿಲ್ಲ. ಆದರೆ ಈ ಘಾಟಿಗೂ ಬಾಣಂತಿಯರ ಪ್ರಾಣಕ್ಕೂ ಹಳೆಯ ನಂಟಿದೆ.

1774ರಲ್ಲಿ ಸ್ವೀಡನ್ನಿನ ಔಷಧಿಕಾರ ಶೀಲೆ ಹಸಿರು-ಹಳದಿ ಬಣ್ಣದ ಅನಿಲವೊಂದನ್ನು ತಯಾರಿಸಿದ. 1810ರಲ್ಲಿ ಅದಕ್ಕೆ ಕ್ಲೋರಿನ್ ಎಂದು ಹೆಸರಿಟ್ಟವನು ಇಂಗ್ಲೆಂಡಿನ ಹಂಫ್ರಿ ಡೇವಿ. ಅದಕ್ಕೆ ಬಣ್ಣ ತೆಗೆಯುವ ಗುಣವಿದೆಯೆಂದು ಅಷ್ಟರಲ್ಲೇ ತಿಳಿದಿತ್ತು. ಮೊದಲು ಯೂರೋಪಿನಲ್ಲಿ ನಾರುಬಟ್ಟೆ ಬೆಳ್ಳಗಾಗಬೇಕಾದರೆ ಹುಳಿ ಮಜ್ಜಿಗೆಯಲ್ಲಿ ನೆನೆಸಿ, ತಿಂಗಳುಗಟ್ಟಲೆ ಹುಲ್ಲಿನ ಮೇಲೆ ಬಿಸಿಲಿಗೆ ಹರಡಬೇಕಿತ್ತು. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿದ ಪುಡಿಗೆ ಪೇಟೆಂಟ್ ಪಡೆದ. ಅದೇ ನಮ್ಮ ಬ್ಲೀಚಿಂಗ್ ಪೌಡರ್.

ಈ ಪುಡಿ ಅಗಸರ ಕಲ್ಲಿನಿಂದ ಹೆರಿಗೆಮನೆಗೆ ಬಂದದ್ದು ವಿಯೆನ್ನಾದಲ್ಲಿ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನ್ನು ವೈದ್ಯರೂ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲೇ ಬಾಣಂತಿ ಸನ್ನಿಗೆ ಹೆಚ್ಚು ಸಾವು. ಊರ ಹೆಂಗಸರಿಗೆ ಇದು ಗೊತ್ತಿತ್ತು. ಸೂಲಗಿತ್ತಿಯರ ಕಡೆಗೇ ಸೇರಿಸಿಕೊಳ್ಳಿ ಎಂದು ಅಂಗಲಾಚುತ್ತಿದ್ದರು. ಓದಿದವರಿಗೆ ಮಾತ್ರ ಕಾರಣ ಹೊಳೆದಿರಲಿಲ್ಲ.

ಅಲ್ಲಿದ್ದ ಹಂಗೇರಿಯ ಯುವವೈದ್ಯ ಸೆಮ್ಮೆಲ್ವೈಸ್‌ಗೆ ಹೊಳೆಯಿತು: ವೈದ್ಯರು ಹೆಣ ಕುಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು, ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. ಸೋಪು ಹಾಕಿ ತೊಳೆದರೂ ಕೈಯಿಂದ ಹೆಣದ ವಾಸನೆ ಹೋಗದು, ಕ್ಲೋರಿನ್ ನೀರಿಗಾದರೆ ಹೋಗುತ್ತದೆ. 1847ರ ಮೇ ತಿಂಗಳಲ್ಲಿ ಎಲ್ಲರೂ ಅದರಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದ. ಏಪ್ರಿಲ್‌ನಲ್ಲಿ ನೂರಕ್ಕೆ ಸುಮಾರು 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಸುಮಾರು 2ಕ್ಕೆ ಇಳಿಯಿತು.

ಹೊಗಳಿಕೆ ಸಿಕ್ಕಿತೆಂದುಕೊಂಡಿರಾ? ತಮ್ಮ ಕೈಯೇ ಸಾವು ತಂದಿತೆಂಬ ಮಾತು ಹಲವು ವೈದ್ಯರಿಗೆ ರುಚಿಸಲಿಲ್ಲ. 1865ರಲ್ಲಿ ಆತ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ರೋಗಾಣುಗಳ ವಿಚಾರವನ್ನು ಜಗತ್ತು ಒಪ್ಪಿದ ಮೇಲೆಯೇ ಅವನ ಮಾತಿಗೆ ಬೆಲೆ ಬಂತು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿಗೆಲ್ಲ ಕೊಡುವ ನೀರಿಗೇ ಕ್ಲೋರಿನ್ ಬೆರೆಸತೊಡಗಿದರು. ಟೈಫಾಯಿಡ್, ಕಾಲರಾಗಳ ಹಾವಳಿ ತಗ್ಗಿಸುವುದರಲ್ಲಿ ಈ ಉಪಾಯದ ಪಾಲು ದೊಡ್ಡದು.

ಇದೇ ಅನಿಲವನ್ನು 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟದ್ದೂ ಉಂಟು. ಅದರ ಗುಣ ಬಲ್ಲವರು ಎಚ್ಚರದಲ್ಲಿರಬೇಕು. ಬಚ್ಚಲು ತೊಳೆಯುವಾಗ ಬ್ಲೀಚಿಂಗ್ ಪೌಡರನ್ನೂ ಆ್ಯಸಿಡ್ಡನ್ನೂ ಬೆರೆಸಿದರೆ ಹೊರಡುವುದು ಅದೇ ವಿಷಗಾಳಿ. ಬೇರೆ ಬೇರೆಯಾಗಿಯೇ ಬಳಸಿ, ಕಿಟಕಿ ತೆರೆದಿರಲಿ.

ಇನ್ನು ನೀರಿನ ಘಾಟು? ಕೊಡವನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ತಾನಾಗಿ ಕಡಿಮೆಯಾಗುತ್ತದೆ. ಅಷ್ಟು ಹೊತ್ತು ಕಾಫಿ ಕಾಯಬಹುದು.