ಸರ್ಪಸುತ್ತು: ಆ ಮೊದಲ ಮೂರು ದಿನ

ಎಂವಿಪಿ ಕಾಲೋನಿಯ ಕನ್ನಡ ಮನೆಗಳಲ್ಲಿ ನೀವು ಸರ್ಪಸುತ್ತು ಅನ್ನುತ್ತೀರಿ, ಪಕ್ಕದ ಮನೆಯ ತೆಲುಗಿನವರು ಸರ್ಪಿ ಅನ್ನುತ್ತಾರೆ. ಎರಡರಲ್ಲೂ ಹಾವೇ ಇದೆ. ಗ್ರೀಕರಿಗೆ ಮಾತ್ರ ಅದು ಸೊಂಟದ ಪಟ್ಟಿಯಂತೆ ಕಂಡಿತು. ವೈದ್ಯರು ಚೀಟಿಯಲ್ಲಿ ಬರೆಯುವ 'ಜೋಸ್ಟರ್' ಅಂದರೆ ಪಟ್ಟಿ.

ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಎಂದು ಅಜ್ಜಿ ಹೇಳಿದ್ದು ನೆನಪಿದೆಯೇ? ಕೂಡದಿರಲಿ ಎಂದು ಗುಳ್ಳೆಗಳ ಸುತ್ತ ಕೆಮ್ಮಣ್ಣು ಬಳಿಯುತ್ತಿದ್ದರು, ಮಂತ್ರ ಹಾಕಿಸುತ್ತಿದ್ದರು. ತಲೆ ಬಾಲ ಕೂಡುತ್ತಲೂ ಇರಲಿಲ್ಲ, ಕೆಮ್ಮಣ್ಣಿಗೆ ಹೆಸರು ಬರುತ್ತಿತ್ತು! ನಿಜವಾದ ಕಾರಣ ನರದಲ್ಲಿದೆ. 1900ರಲ್ಲಿ ಇಂಗ್ಲೆಂಡಿನ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು ಶವಪರೀಕ್ಷೆಗಳಿಂದ, ಬೆನ್ನುಹುರಿಯ ಪಕ್ಕದ ನರಗಂಟು ಹಾಳಾಗಿರುವುದನ್ನು ತೋರಿಸಿದರು. ಅಲ್ಲಿಂದ ಹೊರಡುವ ನರ ಮೈಯ ಒಂದೇ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಗುಳ್ಳೆಗಳು ಸಾಮಾನ್ಯವಾಗಿ ನಡುಗೆರೆಗೆ ಬಂದು ನಿಂತುಬಿಡುತ್ತವೆ.

ಚಿಕ್ಕಂದಿನಲ್ಲಿ 'ಅಮ್ಮ' ಆಗಿತ್ತಲ್ಲ, ಅದೇ ಚಿಕನ್‌ಪಾಕ್ಸ್, ಅದರ ವೈರಸ್ಸೇ ನರಗಂಟಿನಲ್ಲಿ ಅಡಗಿದ್ದು ಮುಪ್ಪಿನಲ್ಲಿ ಮತ್ತೆ ಏಳುತ್ತದೆ ಎಂದು 1965ರಲ್ಲಿ ವಿವರಿಸಿದವರು ಹೋಪ್-ಸಿಂಪ್ಸನ್. ಅವರು ದೊಡ್ಡ ಆಸ್ಪತ್ರೆಯವರಲ್ಲ, ಸೈರೆನ್‌ಸೆಸ್ಟರ್ ಎಂಬ ಸಣ್ಣ ಊರಿನ ಮನೆವೈದ್ಯರು. 16 ವರ್ಷ ತಮ್ಮ ರೋಗಿಗಳ ಲೆಕ್ಕ ಇಟ್ಟವರು.

ತಿಳಿವಳಿಕೆ ಬಂತು, ಮದ್ದು ಬರಲಿಲ್ಲ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆ 1923ರಲ್ಲಿ ತೆರೆದಾಗ ಇದಕ್ಕೆ ಮಾತ್ರೆ ಜಗತ್ತಿನಲ್ಲೇ ಇರಲಿಲ್ಲ. 1970ರ ದಶಕದಲ್ಲಿ ಬರೋಸ್ ವೆಲ್‌ಕಮ್ ಕಂಪನಿಯ ಪ್ರಯೋಗಾಲಯದಿಂದ ಅಸೈಕ್ಲೊವಿರ್ ಬಂತು. ಆ ತಂಡದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಸಂದಿತು.

ಈ ಮಾತ್ರೆ ವೈರಸ್ ಬೆಳೆಯುವುದನ್ನು ತಡೆಯುತ್ತದೆಯೇ ಹೊರತು ಸುಟ್ಟ ನರವನ್ನು ಸರಿಮಾಡುವುದಿಲ್ಲ. ಅದಕ್ಕೇ ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುಮಾಡಬೇಕು ಅನ್ನುವುದು. ಹಾಗೆ ಮಾಡಿದರೆ ಗುಳ್ಳೆ ಬೇಗ ಒಣಗುತ್ತದೆ, ಆಗಿನ ನೋವೂ ಕಡಿಮೆಯಾಗುತ್ತದೆ. ಮುಂದೆ ನೋವು ಉಳಿಯುವುದೇ ಇಲ್ಲ ಎಂಬ ಖಾತರಿ ಮಾತ್ರ ಯಾರೂ ಕೊಡಲಾರರು. ಅರವತ್ತು ದಾಟಿದವರಲ್ಲಿ ಕೆಲವರಿಗೆ ಗುಳ್ಳೆ ಮಾಯ್ದು ಮೂರು ತಿಂಗಳಾದರೂ ರವಿಕೆ ಬಟ್ಟೆ ತಾಗಿದರೆ ಬೆಂಕಿ ಸೋಕಿದ ಹಾಗೆ. ಅದಕ್ಕೆ ಬೇರೆಯೇ ಮಾತ್ರೆಗಳಿವೆ. ಸಾಮಾನ್ಯ ನೋವಿನ ಗುಳಿಗೆಗೆ ಅದು ಬಗ್ಗುವುದು ಕಷ್ಟ.

ಕೆಮ್ಮಣ್ಣು, ಹರಕೆ ನಿಮ್ಮಿಷ್ಟ. ಆದರೆ ಅವುಗಳಲ್ಲೇ ಕಳೆದುಹೋಗುವುದು ಇದೇ ಮೂರು ದಿನ. ಹಣೆಗೋ ಮೂಗಿನ ತುದಿಗೋ ಎದ್ದರೆ ಅಷ್ಟೂ ಕಾಯಬೇಡಿ, ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಅಂದಹಾಗೆ, ಐವತ್ತು ದಾಟಿದವರಿಗೆ 2023ರಿಂದ ಭಾರತದಲ್ಲೂ ಲಸಿಕೆ ಸಿಗುತ್ತಿದೆ, ಎರಡು ಡೋಸ್. ಬೆಲೆ ದುಬಾರಿಯೇ, ವಿಚಾರಿಸಿ ನೋಡಿ.