ವ್ಯಾನಿನಲ್ಲಿ ಎಂಜಿನ್ನು ಎಲ್ಲಿರಬೇಕು?

ಮಾರುತಿ ವ್ಯಾನ್ ದಾರಿಯಲ್ಲಿ ಕೆಟ್ಟು ನಿಂತರೆ ಮೆಕ್ಯಾನಿಕ್ ಮೊದಲು ಮಾಡುತ್ತಿದ್ದ ಕೆಲಸ ಮುಂದೆ ಕುಳಿತವರನ್ನು ಕೆಳಗಿಳಿಸುವುದು. ಸೀಟು ಎತ್ತಿದರೆ ಎಂಜಿನ್ನು ಅದರಡಿಯಲ್ಲೇ ಇರುತ್ತಿತ್ತು. ಅದೇ ಕಾಲದಲ್ಲಿ ಅಮೆರಿಕದ ಕುಟುಂಬಗಳು ಕೊಂಡ ಡಾಜ್ ಕ್ಯಾರವಾನ್‌ನಲ್ಲಿ ಎಂಜಿನ್ನು ವಾಹನದ ಮೂತಿಯಲ್ಲಿತ್ತು. ಇವೆರಡಕ್ಕೂ ಹಿರಿಯಣ್ಣನಾದ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಅದು ಬಾಲದಲ್ಲಿತ್ತು. ಮೂರೂ ಮಾಡಿದ್ದು ಒಂದೇ ಕೆಲಸ: ಅಜ್ಜಿ, ಮೊಮ್ಮಕ್ಕಳು, ಗಂಟುಮೂಟೆ ಎಲ್ಲವನ್ನೂ ಒಂದೇ ಸಲ ಸಾಗಿಸುವುದು. ಆದರೆ ತಿರುವಿನಲ್ಲಿ, ಮಳೆಯಲ್ಲಿ, ಘಾಟಿಯ ಏರಿನಲ್ಲಿ ಮೂರರ ನಡತೆಯೂ ಬೇರೆ. ಅದಕ್ಕೆ ದೊಡ್ಡ ಕಾರಣ ಎಂಜಿನ್ನು ಕುಳಿತ ಜಾಗ.

ಫೋಕ್ಸ್‌ವ್ಯಾಗನ್ ವ್ಯಾನಿನ ಮೊದಲ ಗೀಟುಗಳನ್ನು 1947ರಲ್ಲಿ ಬರೆದವನು ಬೆನ್ ಪಾನ್ ಎಂಬ ಡಚ್ ವ್ಯಾಪಾರಿ. ತಯಾರಿಕೆ ಆರಂಭವಾದದ್ದು 1950ರಲ್ಲಿ. ಬೀಟಲ್ ಕಾರಿನ 1131 ಸಿ.ಸಿ. ಎಂಜಿನ್ನನ್ನೇ ಹಿಂದೆ ಕೂರಿಸಿದ್ದರು. ಶಕ್ತಿ ಕೇವಲ 25 ಅಶ್ವಶಕ್ತಿ. ತುಂಬಿದ ವ್ಯಾನು ಏರು ಹತ್ತುವಾಗ ಎತ್ತಿನ ಗಾಡಿಯಷ್ಟೇ ತಾಳ್ಮೆ ಬೇಡುತ್ತಿತ್ತು. ಹಿಂಬದಿ ಚಕ್ರಗಳ ಮೇಲೆ ಭಾರವಿದ್ದುದರಿಂದ ಕೆಸರಿನಲ್ಲಿ ಹಿಡಿತವೇನೋ ಚೆನ್ನಾಗಿತ್ತು. ಆದರೆ ಮೂತಿ ಹಗುರ, ಪಕ್ಕೆಗಳು ಗೋಡೆಯಂತೆ ಚಪ್ಪಟೆ. ಹೆದ್ದಾರಿಯಲ್ಲಿ ಅಡ್ಡಗಾಳಿ ಬೀಸಿದರೆ ಚಾಲಕ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿಯಬೇಕಿತ್ತು. ಹಿಂಬದಿ ಆಕ್ಸಿಲ್‌ನ ವಿನ್ಯಾಸ ಸುಧಾರಿಸಿದ್ದು 1967ರಲ್ಲಿ ಬಂದ ಎರಡನೆಯ ಪೀಳಿಗೆಯಲ್ಲಿ.

ಅಮೆರಿಕದ ಕಥೆ ಶುರುವಾಗುವುದು ಒಂದು ಮುನಿಸಿನಿಂದ. ಫೋರ್ಡ್ ಕಂಪೆನಿಯಲ್ಲಿದ್ದ ಹಾಲ್ ಸ್ಪರ್ಲಿಚ್ ಮತ್ತು ಲೀ ಅಯಕೋಕಾ 1970ರ ದಶಕದಲ್ಲೇ ಚಿಕ್ಕ ಕುಟುಂಬ ವ್ಯಾನಿನ ಯೋಚನೆ ಮುಂದಿಟ್ಟಿದ್ದರು. ಎರಡನೆಯ ಹೆನ್ರಿ ಫೋರ್ಡ್ ಒಪ್ಪಲಿಲ್ಲ. ಇಬ್ಬರೂ ಒಬ್ಬರ ಹಿಂದೊಬ್ಬರು ಅಲ್ಲಿ ಕೆಲಸ ಕಳೆದುಕೊಂಡು, ಮುಳುಗುತ್ತಿದ್ದ ಕ್ರೈಸ್ಲರ್ ಸೇರಿದರು. ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಂತದ್ದರಿಂದಷ್ಟೇ ಉಸಿರಾಡುತ್ತಿದ್ದ ಕಂಪೆನಿ ಅದು. ಹೊಸ ವ್ಯಾನು ಸೋತಿದ್ದರೆ ಕಾರ್ಖಾನೆಗಳ ಗತಿ ಏನಾಗುತ್ತಿತ್ತೆಂದು ಹೇಳಲು ಜ್ಯೋತಿಷಿ ಬೇಕಿರಲಿಲ್ಲ.

1983ರ ನವೆಂಬರಿನಲ್ಲಿ ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ 1984ರ ಮಾದರಿಯಾಗಿ ಡಾಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಎಂಬ ಜೋಡಿ ಹೊರಬಂತು. ಕಂಪೆನಿಯ ಸಾಧಾರಣ ಕಾರುಗಳ ತಳಹದಿಯನ್ನೇ ಹಿಗ್ಗಿಸಿ, ಎಂಜಿನ್ನನ್ನು ಮುಂದೆ ಅಡ್ಡಲಾಗಿ ಕೂರಿಸಿ, ಮುಂದಿನ ಚಕ್ರಗಳನ್ನೇ ತಿರುಗಿಸುವಂತೆ ಮಾಡಿದ್ದರು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಶಾಫ್ಟ್ ಬೇಕಾಗದ್ದರಿಂದ ನೆಲ ಕೆಳಗಿಳಿಯಿತು. ನೆಲದೊಡನೆ ಕುಳಿತವರೂ ಕೆಳಗಿಳಿದರು, ಗುರುತ್ವ ಕೇಂದ್ರವೂ ಇಳಿಯಿತು. ತಿರುವಿನಲ್ಲಿ ವಾಲಾಟ ಕಡಿಮೆ, ಓಡಿಸಿದರೆ ಕಾರಿನದೇ ಅನುಭವ, ಮನೆಯ ಗ್ಯಾರೇಜಿನೊಳಗೂ ಹಿಡಿಸುತ್ತಿತ್ತು. ವೇಗದ ಮಾತು ಮಾತ್ರ ಬೇಡ. 2.2 ಲೀಟರ್ ಎಂಜಿನ್ನಿನ ಸುಮಾರು 100 ಅಶ್ವಶಕ್ತಿ ಏಳು ಜನರನ್ನು ಎಳೆಯಲು ಏದುಸಿರು ಬಿಡುತ್ತಿತ್ತು. 1987ರಲ್ಲಿ ಆರು ಸಿಲಿಂಡರಿನ ಮಿತ್ಸುಬಿಷಿ ಎಂಜಿನ್ನು ಬಂದ ಮೇಲೆ ಆ ದೂರು ತಗ್ಗಿತು. ಆದರೆ ಕೊಳ್ಳುವವರು ಅಷ್ಟು ದಿನ ಕಾದಿರಲಿಲ್ಲ. ಮೊದಲ ವರ್ಷವೇ ಎರಡು ಲಕ್ಷದಷ್ಟು ವ್ಯಾನುಗಳು ಖರ್ಚಾಗಿದ್ದವು.

ಪ್ರತಿಸ್ಪರ್ಧಿಗಳು ಅವಸರಕ್ಕೆ ಬಿದ್ದರು. ಷೆವ್ರೊಲೆ ಆಸ್ಟ್ರೊ (1985) ಮತ್ತು ಫೋರ್ಡ್ ಏರೋಸ್ಟಾರ್ (1986) ಎರಡರದೂ ಹಿಂಬದಿ ಚಕ್ರದ ಓಟ, ಸಣ್ಣ ಟ್ರಕ್ಕಿನ ಮೈಕಟ್ಟು. ದೋಣಿ ಕಟ್ಟಿ ಎಳೆಯಲು ಗಟ್ಟಿಗರು; ಶಾಲೆಗೆ ಮಕ್ಕಳನ್ನು ಬಿಟ್ಟು ಬರಲು ಒರಟು.

ಟೊಯೊಟಾದ ಪ್ರಯೋಗ ಹೆಚ್ಚು ಸ್ವಾರಸ್ಯಕರ. 1984ರಲ್ಲಿ ಅದು ಅಮೆರಿಕಕ್ಕೆ ಒಯ್ದ ವ್ಯಾನಿನಲ್ಲಿ ಎಂಜಿನ್ನು ಮುಂದಿನ ಸೀಟಿನಡಿಯಲ್ಲಿತ್ತು. 1990ರಲ್ಲಿ ಬಂದ ಪ್ರೀವಿಯಾದಲ್ಲಿ ಎಂಜಿನ್ನನ್ನು 75 ಡಿಗ್ರಿ ವಾಲಿಸಿ, ಬಹುಮಟ್ಟಿಗೆ ಮಲಗಿಸಿಯೇ ನೆಲದಡಿ ಸೇರಿಸಿದರು. ಭಾರ ವಾಹನದ ನಡುವಿಗೆ ಬಂತು. ಮುಂದೆ ಹಿಂದೆ ಸಮತೂಕ ಸಿಕ್ಕಿ ತಿರುವಿನಲ್ಲಿ ಪ್ರೀವಿಯಾ ಸೊಗಸಾಗಿ ಸಾಗುತ್ತಿತ್ತು. ಎಂಜಿನಿಯರಿಂಗ್ ದೃಷ್ಟಿಯಿಂದ ಈ ಗುಂಪಿನಲ್ಲೇ ಇದು ಜಾಣ ವಾಹನವೆಂದು ನನಗನಿಸುತ್ತದೆ. ಆದರೆ ಆ ಇಕ್ಕಟ್ಟಿನಲ್ಲಿ ಆರು ಸಿಲಿಂಡರಿನ ಎಂಜಿನ್ನು ಹಿಡಿಸದು. ಶಕ್ತಿ ಸಾಲದೆಂಬ ದೂರಿಗೆ ಸೂಪರ್‌ಚಾರ್ಜರ್ ಜೋಡಿಸಿ 161 ಅಶ್ವಶಕ್ತಿಯವರೆಗೆ ಎಳೆದರು. ಕೊನೆಗೆ 1998ರ ಮಾದರಿಯಾಗಿ ಬಂದ ಸಿಯೆನ್ನಾದಲ್ಲಿ ಟೊಯೊಟಾ ಕೂಡ ಕ್ರೈಸ್ಲರ್ ಹಾದಿಗೇ ಬಂದು ಎಂಜಿನ್ನನ್ನು ಮುಂದಕ್ಕೆ ತಂದಿತು.

ನಮ್ಮ ಮಾರುತಿ ವ್ಯಾನ್ ಬಂದದ್ದೂ 1984ರಲ್ಲೇ. ಆಮ್ನಿ ಎಂಬ ಹೆಸರು ಆಮೇಲಿನದು. ಸುಜುಕಿ ಕ್ಯಾರಿಯ ರೂಪ, ಮಾರುತಿ 800 ಕಾರಿನ 796 ಸಿ.ಸಿ. ಎಂಜಿನ್ನು, ಹಿಂದಿನ ಚಕ್ರದ ಓಟ. ಕ್ಯಾರವಾನ್ ಪಕ್ಕದಲ್ಲಿ ನಿಲ್ಲಿಸಿದರೆ ಎತ್ತರದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ, ಸುಮಾರು 164 ಸೆಂಟಿಮೀಟರ್. ಅಗಲದಲ್ಲಿ ಮಾತ್ರ ಆಮ್ನಿ ಒಂದು ಅಡಿಗೂ ಹೆಚ್ಚು ಕಿರಿದು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದಲ್ಲಿ ಹತ್ತಿರಹತ್ತಿರ ಒಂದು ಮೀಟರ್ ಗಿಡ್ಡ. ಅದರ ಗುಣವೂ ದೋಷವೂ ಈ ಅಳತೆಯಲ್ಲೇ ಇವೆ. ಚಿಕ್ಕಪೇಟೆಯಂಥ ಗಲ್ಲಿಯಲ್ಲಿ ಒಂದೇ ಏಟಿಗೆ ತಿರುಗಿಸಬಹುದಿತ್ತು. ವೇಗದ ತಿರುವಿನಲ್ಲಿ ಮಾತ್ರ ಅಷ್ಟೆತ್ತರದ ಡಬ್ಬಿ ವಾಲದೆ ಇರುವುದಿಲ್ಲ. ಜನ ತುಂಬಿದಾಗ ಹಿಂದಿನ ಚಕ್ರಕ್ಕೆ ಭಾರ ಬಿದ್ದು ಹಿಡಿತ ಸಿಗುತ್ತಿತ್ತು. ಖಾಲಿ ವ್ಯಾನು ಒದ್ದೆ ರಸ್ತೆಯಲ್ಲಿ ಬಾಲ ಜಾರಿಸುವ ಸಂಭವವಿತ್ತು.

ಚಿಕ್ಕಂದಿನಲ್ಲಿ ಮಾವನ ಪಕ್ಕ ಕುಳಿತು ಚಾರ್ಮಾಡಿ ಘಾಟಿ ಇಳಿದ ನೆನಪು ನನಗಿದೆ. ಮುಂದೆ ಬಾನೆಟ್ ಚಾಚಿರಲಿಲ್ಲವಾದ್ದರಿಂದ ಪ್ರತಿ ತಿರುವಿನಲ್ಲೂ ಕಣಿವೆಯ ಮೇಲೆ ತೇಲಿದಂತೆ ಅನಿಸುತ್ತಿತ್ತು. ಆ ಸುಖದ ಬೆಲೆ ಆಗ ತಿಳಿದಿರಲಿಲ್ಲ. ಎದುರಿನಿಂದ ಏನಾದರೂ ಬಡಿದರೆ ಮೊದಲು ಸಿಗುವುದು ಚಾಲಕನ ಮೊಣಕಾಲು. ನಜ್ಜುಗುಜ್ಜಾಗಿ ಏಟು ಹೀರಿಕೊಳ್ಳುವ ಮೂತಿಯೇ ಅಲ್ಲಿಲ್ಲ. ಕ್ಯಾರವಾನ್‌ನಲ್ಲಿ ಆ ಜಾಗವನ್ನು ಎಂಜಿನ್ನು ಕಾಯುತ್ತಿತ್ತು. ಅಪಘಾತ ಸುರಕ್ಷತೆಯ ಹೊಸ ನಿಯಮಗಳು ಜಾರಿಗೆ ಬಂದ 2019ರಲ್ಲಿ, 35 ವರ್ಷಗಳ ಓಟದ ನಂತರ ಆಮ್ನಿಯ ತಯಾರಿಕೆ ನಿಂತಿತು.

ಅಷ್ಟರಲ್ಲಿ ದೊಡ್ಡ ಕುಟುಂಬಗಳ ಮತ್ತು ಟ್ಯಾಕ್ಸಿಯವರ ಒಲವು ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿ ಕಾರ್ಖಾನೆಯ ಕಡೆ ತಿರುಗಿತ್ತು. 2000ದಲ್ಲಿ ಅಲ್ಲಿಂದ ಬಂದ ಟೊಯೊಟಾ ಕ್ವಾಲಿಸ್, 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ ಎರಡಕ್ಕೂ ಎಂಜಿನ್ನು ಮುಂದೆ, ಓಟ ಹಿಂದಿನ ಚಕ್ರಕ್ಕೆ, ಕೆಳಗೆ ಲಾರಿಯಂಥ ಷಾಸಿ. ನೆಲ ಎತ್ತರ, ಹತ್ತಲು ಹಿರಿಯರಿಗೆ ಪ್ರಯಾಸ. ಆದರೆ ನಮ್ಮ ಗುಂಡಿ ರಸ್ತೆಗೆ ಆ ಗಟ್ಟಿತನ ಒಗ್ಗಿತು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ತುಂಬಿದ ವಾಹನಕ್ಕೆ ಹಿಂದಿನ ಚಕ್ರದ ಓಟವೇ ಅನುಕೂಲ. ಘಾಟಿ ರಸ್ತೆಯಲ್ಲಿ ಇದು ಸಣ್ಣ ಮಾತಲ್ಲ.

2022ರ ಕೊನೆಯಲ್ಲಿ ತೋರಿಸಿದ ಇನ್ನೋವಾ ಹೈಕ್ರಾಸ್‌ನಲ್ಲಿ ಟೊಯೊಟಾ ಆ ಷಾಸಿಯನ್ನು ಬಿಟ್ಟು, ಕಾರಿನಂಥ ಮೈಕಟ್ಟು ಮತ್ತು ಮುಂದಿನ ಚಕ್ರದ ಓಟಕ್ಕೆ ಬಂತು. ಕ್ಯಾರವಾನ್ ಬಂದು ಆಗಲೇ 39 ವರ್ಷವಾಗಿತ್ತು. ಆದರೂ ಹಳೆಯ ಬಗೆಯನ್ನು ಪೂರ್ತಿ ಕೈಬಿಡಲು ಧೈರ್ಯ ಬರಲಿಲ್ಲವೇನೋ: 2023ರಲ್ಲಿ ಹಿಂದಿನ ಚಕ್ರದ ಇನ್ನೋವಾ ಕ್ರಿಸ್ಟಾ, ಡೀಸೆಲ್ ಎಂಜಿನ್ನಿನೊಂದಿಗೆ, ಮತ್ತೆ ಷೋರೂಮಿಗೆ ಬಂದು ನಿಂತಿತು.